ಹರಾಜುಗಾರನ ಧ್ವನಿ ಉಳಿದ ಬಗೆ

ಯುವಾಸ್ಕುಲಾ
ಜುಲೈ ೧೪, ಭಾನುವಾರ

ನನ್ನ ಪ್ರೀತಿಯ ಅಜ್ಜಿ,

ನೀನು ಹೆಣೆದ ಉಣ್ಣೆ ಕಾಲುಚೀಲ ಬಂದು ತಿಂಗಳಾಯಿತು. ನಡುಬೇಸಿಗೆಯ ಹಬ್ಬದ ಕಾರ್ಡೂ ಬಂತು. ಅದರ ಹಿಂದೆ ನೀನು ‘ಬದುಕಿದ್ದೀಯಾ?’ ಎಂದಷ್ಟೇ ಬರೆದಿದ್ದೆ. ಬದುಕಿದ್ದೇನೆ ಅಜ್ಜಿ, ಚೆನ್ನಾಗಿಯೇ ಇದ್ದೇನೆ. ಉತ್ತರ ಬರೆಯಲು ಕೂತದ್ದುಂಟು. ಆದರೆ ಎದೆಯ ಮೇಲೊಂದು ಭಾರವಿತ್ತು. ಅದನ್ನು ಬಿಟ್ಟು ಹವಾಮಾನದ ಸುದ್ದಿ ಬರೆದರೆ ನೀನು ಮೂರನೆಯ ಸಾಲಿಗೇ ಕಂಡುಹಿಡಿಯುತ್ತಿದ್ದೆ. ಅದನ್ನೇ ಬರೆದರೆ ಮೊಣಕಾಲು ನೋವಿನ ಜೊತೆಗೆ ಇನ್ನೊಂದು ಚಿಂತೆ ನಿನಗೆ. ಹಾಗಾಗಿ ಸುಮ್ಮನಿದ್ದೆ. ಈಗ ಭಾರ ಇಳಿದಿದೆ. ಕಾಫಿ ಬಗ್ಗಿಸಿಕೊಂಡು ಕೂರು, ಕಾಗದ ಉದ್ದ ಇದೆ.

ಸಾಹಿತ್ಯ ಓದಿದವಳಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಏನು ಕೆಲಸ ಎಂದು ಹಿಂದಿನ ಕಾಗದದಲ್ಲಿ ಕೇಳಿದ್ದೆಯಲ್ಲ. ನಮ್ಮದು ಪುಟ್ಟ ಕಂಪನಿ. ಗಂಟಲಿನ ಕಾಯಿಲೆಯಿಂದ ಧ್ವನಿ ಕಳೆದುಕೊಳ್ಳಲಿರುವವರು ನಮ್ಮ ಹತ್ತಿರ ಬರುತ್ತಾರೆ. ಆಪರೇಷನ್ನಿಗೆ ಮೊದಲು ಅವರಿಂದ ನೂರಾರು ವಾಕ್ಯ ಓದಿಸಿ, ಅವರ ಧ್ವನಿಯನ್ನು ಯಂತ್ರದಲ್ಲಿ ಹಿಡಿದಿಡುತ್ತೇವೆ. ಆಮೇಲೆ ಅವರು ಕೈಯಲ್ಲಿರುವ ಪರದೆಯನ್ನು ಮುಟ್ಟಿದರೆ ಅವರದೇ ಧ್ವನಿ ಮಾತಾಡುತ್ತದೆ. ಓದಬೇಕಾದ ವಾಕ್ಯಗಳನ್ನು ಬರೆಯುವವಳು ನಾನು. ಜನರೆದುರು ಬಾಯಿ ಬಿಡಲು ಹೆದರುವವಳು ಪರರ ಬಾಯಿಗೆ ಮಾತು ಬರೆದುಕೊಟ್ಟು ಸಂಬಳ ತಗೊಳ್ಳುತ್ತಿದ್ದಾಳೆ ಎಂದು ನೀನು ನಗಬಹುದು. ನಗು.

ಮೇ ತಿಂಗಳ ಕೊನೆಗೆ ಆರ್ಮಾಸ್ ಕೈಪಿಯಾ ಎನ್ನುವವರು ಬಂದರು. ಊರೂರಿನ ಹರಾಜಿನಲ್ಲಿ ಕೂಗುವವರು. ಬೇಸಿಗೆ ಪೂರ್ತಿ ಹಳೆಯ ಮಂಚ, ದೋಣಿ, ಹಾಲಿನ ಕ್ಯಾನು ಹಿಡಿದು ಅಂಗಳದಲ್ಲಿ ನಿಂತು, ಜನರನ್ನು ನಗಿಸಿ, ಛೇಡಿಸಿ, ಬೇಡದ ವಸ್ತುವನ್ನೂ ತಗೊಳ್ಳುವಂತೆ ಮಾಡುವವರು. ಅವರ ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ. ಜೂನ್ ಮುಗಿಯುವುದರೊಳಗೆ ಅದನ್ನು ಪೂರ್ತಿ ತೆಗೆಯಬೇಕು, ಆಮೇಲೆ ಮಾತಿಲ್ಲ ಎಂದು ವೈದ್ಯರು ಹೇಳಿದ್ದರು. ನಮ್ಮ ಗಾಜಿನ ಕೋಣೆಯಲ್ಲಿ ಕೂತು ಓದಲು ಅವರು ಒಪ್ಪಲಿಲ್ಲ. ಮೀನಿನ ತೊಟ್ಟಿಯಲ್ಲಿ ಕೂತು ಹರಾಜು ಕೂಗಿದ ಹಾಗಾಗುತ್ತದೆ ಎಂದರು. ಕೊನೆಗೆ ನಾವೇ ಯಂತ್ರ ಹೊತ್ತುಕೊಂಡು ಅವರ ಮನೆಗೆ ಹೋದೆವು. ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿ, ಕೆರೆ ದಂಡೆಯ ಮನೆ. ನೀರಿನ ಪಕ್ಕದ ಸೌನಾದಲ್ಲಿ, ಬಿಸಿಯಾವಿಯ ಸ್ನಾನಕ್ಕೆ ಮೊದಲು ಬಟ್ಟೆ ಬದಲಿಸುವ ಕೋಣೆ ಇದೆಯಲ್ಲ, ಸುತ್ತ ಮರದ ಗೋಡೆ, ಒಂದು ಬೆಂಚು. ಅಲ್ಲಿ ಸದ್ದು ಒಳಗೂ ಬರುವುದಿಲ್ಲ, ಪ್ರತಿಧ್ವನಿಯೂ ಏಳುವುದಿಲ್ಲ. ಅಲ್ಲೇ ಇಟ್ಟೆವು.

ಈಗ ನಿನಗೆ ಒಂದು ವಿಷಯ ಅರ್ಥ ಮಾಡಿಸಬೇಕು. ಕಾಡಿನಲ್ಲಿ ನೀಲಿ ಹಣ್ಣು ಆರಿಸುವಾಗ ನೀನು ಒಂದೊಂದೇ ಹಣ್ಣನ್ನು ಬಕೆಟ್ಟಿಗೆ ಹಾಕುವುದಿಲ್ಲ. ಮುಷ್ಟಿ ತುಂಬುವ ತನಕ ಆರಿಸಿ, ಆಮೇಲೆ ಸುರಿಯುತ್ತೀ. ಯಂತ್ರಕ್ಕೂ ಹಾಗೇ ಒಂದು ಮುಷ್ಟಿ, ಒಂದು ಬಕೆಟ್ಟು. ಮುಷ್ಟಿಯನ್ನು ಮೆಮೊರಿ ಎನ್ನುತ್ತಾರೆ. ಅದು ಬಲು ಚುರುಕು, ಆದರೆ ಕರೆಂಟು ಹೋದ ಕ್ಷಣ ಬಿಚ್ಚಿಕೊಳ್ಳುತ್ತದೆ, ಒಳಗಿದ್ದದ್ದು ಪೂರ್ತಿ ಹೋಗುತ್ತದೆ. ಬಕೆಟ್ಟು ಎಂದರೆ ಫೈಲು. ಅದಕ್ಕೆ ಹಾಕಲು ಹೊತ್ತು ಹಿಡಿಯುತ್ತದೆ, ಆದರೆ ಹಾಕಿದ ಮೇಲೆ ಯಂತ್ರವನ್ನು ಆಫ್ ಮಾಡಿ ಅಟ್ಟಕ್ಕೆ ಎಸೆದರೂ ಅಲ್ಲೇ ಇರುತ್ತದೆ.

ಈ ಎರಡರಲ್ಲಿ ಯಾವುದು ಎನ್ನುವುದಕ್ಕೆ ನಮ್ಮ ಆಫೀಸಿನಲ್ಲಿ ದೊಡ್ಡ ಜಗಳ ನಡೆದಿತ್ತು. ತುಯಿಯಾ ನಮ್ಮಲ್ಲಿ ಹಿರಿಯರು, ಐವತ್ತು ದಾಟಿದವರು. ವಾಕ್ಯ ಮುಗಿದ ತಕ್ಷಣ ಫೈಲಿಗೆ ಹೋಗಬೇಕು ಎನ್ನುವುದು ಅವರ ಹಟ. ಓಸ್ಸಿ ನನ್ನ ವಯಸ್ಸಿನವನು. ಆರ್ಮಾಸ್ ಅವರ ಮೊದಲ ದಿನದ ಮಾತನ್ನು ಕೇಳಿಸಿಕೊಂಡು, ಈ ಮನುಷ್ಯನಿಗೆ ಅದು ಆಗದು ಎಂದ. ಅವನು ಹೇಳಿದ್ದು ಸುಳ್ಳಲ್ಲ. ಉಳಿದವರು ಒಂದು ವಾಕ್ಯ ಓದಿ ಉಸಿರು ತಗೊಳ್ಳುತ್ತಾರೆ. ಆರ್ಮಾಸ್ ಹರಾಜುಗಾರರು, ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿ ಓದುತ್ತಾರೆ. ಯಂತ್ರ ಹಿಂದಿನ ವಾಕ್ಯವನ್ನು ಫೈಲಿಗೆ ಇಳಿಸುವುದರೊಳಗೆ ಮುಂದಿನ ವಾಕ್ಯದ ಮೊದಲ ಅಕ್ಷರ ನುಂಗಿಹೋಗುತ್ತಿತ್ತು. ನಿಧಾನವಾಗಿ ಓದಿ ಎಂದು ತುಯಿಯಾ ಬೇಡಿಕೊಂಡರು.

ಅದಕ್ಕೆ ಆರ್ಮಾಸ್, “ನಿಧಾನವಾಗಿ ಓದಿದ್ರೆ ಅದು ಪಾದ್ರಿ ಧ್ವನಿ ಆಗುತ್ತಮ್ಮಾ. ನಂಗೆ ಬೇಕಾಗಿರೋದು ನಂದು” ಎಂದರು.

ಅದಾದ ಮೇಲೆ ಓಸ್ಸಿಯ ಮಾತೇ ನಡೆಯಿತು. ದಿನವಿಡೀ ಆಡಿದ್ದು ಮೆಮೊರಿಯಲ್ಲಿರಲಿ, ಸಂಜೆ ‘ಮುಗಿಯಿತು’ ಎಂಬ ಬಟನ್ ಒತ್ತಿದರೆ ಅಷ್ಟೂ ಫೈಲಿಗೆ ಇಳಿಯಲಿ ಎಂದು ತೀರ್ಮಾನವಾಯಿತು. ಬಟನ್ನನ್ನು ಓಸ್ಸಿಯೇ ಅವರಿಗೆ ತೋರಿಸಿದ. ಅವರು ತಲೆಯಾಡಿಸಿದರು. ಅವರ ಹೆಂಡತಿ ರೈಲಿ ಕೇಳಿದ ಪ್ರಶ್ನೆ ಒಂದೇ: ಗುಡುಗು ಬಂದರೆ ಇದರ ಪ್ಲಗ್ಗು ಕೀಳಬಹುದೇ? ನಿನ್ನ ಹಾಗೇ ಅವರೂ, ಮೊದಲ ಮಿಂಚಿಗೇ ಮನೆಯ ಪ್ಲಗ್ಗನ್ನೆಲ್ಲ ಕಿತ್ತು, ಕಿಟಕಿಯಿಂದ ದೂರ ಕೂರುವವರು. ಚಿಕ್ಕಂದಿನಲ್ಲಿ ಅವರ ತವರಿನ ಕೊಟ್ಟಿಗೆ ಸಿಡಿಲಿಗೆ ಸುಟ್ಟಿತ್ತಂತೆ, ಹಸುಗಳ ಸಮೇತ. ಬಟನ್ ಒತ್ತಿದ ಮೇಲೆ ಧಾರಾಳವಾಗಿ ಕೀಳಿ ಎಂದು ತುಯಿಯಾ ಹೇಳಿದರು. ನಾವು ನಿಶ್ಚಿಂತೆಯಿಂದ ವಾಪಸು ಬಂದೆವು.

ನಾನು ಬರೆದುಕೊಟ್ಟ ವಾಕ್ಯಗಳ ಗತಿ ಏನಾಯಿತು ಕೇಳು. ‘ದಯವಿಟ್ಟು ಒಂದು ಲೋಟ ನೀರು ಕೊಡುವಿರಾ’, ‘ಇಂದು ನನಗೆ ಸ್ವಲ್ಪ ಆಯಾಸವಾಗಿದೆ’, ಇಂಥವು. ವಾರದ ನಂತರ ನೋಡಲು ಹೋದಾಗ ಆರ್ಮಾಸ್ ಆ ಹಾಳೆಗಳನ್ನು ಬೆಂಚಿನ ಮೇಲೆ ಬೋರಲು ಹಾಕಿದ್ದರು.

“ಮಗೂ, ನಿನ್ನ ಬರವಣಿಗೆ ಚೆನ್ನಾಗಿದೆ” ಎಂದರು. “ಆದ್ರೆ ಈ ಮನೇಲಿ ನಾನು ದಯವಿಟ್ಟು ಅಂದಿದ್ದನ್ನ ಯಾರೂ ಕೇಳಿಲ್ಲ. ಆಪರೇಷನ್ ಆಗಿ ಬಂದು ಹಂಗಂದ್ರೆ, ಆಸ್ಪತ್ರೇಲಿ ಗಂಡನ್ನ ಬದಲಾಯಿಸಿ ಕೊಟ್ರು ಅಂತಾಳೆ ರೈಲಿ.”

ತಮಗೆ ತೋಚಿದ್ದನ್ನೇ ಹೇಳುತ್ತಿದ್ದೇನೆ ಎಂದರು. ಎಲ್ಲಿ, ಒಂದು ಕೇಳಿಸಿ ಎಂದೆ. ಮಾಲು ಹರಾಜಿಗೆ ಮೊದಲು ತೋರಿಸುವುದಿಲ್ಲ ಎಂದು ಕಣ್ಣು ಹೊಡೆದರು. ಅವಮಾನವಾಗಲಿಲ್ಲ ಅಜ್ಜಿ. ಬಸ್ಸಿನಲ್ಲಿ ವಾಪಸು ಬರುವಾಗ ಯೋಚಿಸುತ್ತ ಕೂತೆ. ಯಾರ ಮನೆಯಲ್ಲೂ ಜನ ನನ್ನ ವಾಕ್ಯಗಳ ಹಾಗೆ ಮಾತಾಡುವುದಿಲ್ಲ.

ಆಪರೇಷನ್ ಮಂಗಳವಾರಕ್ಕೆ ನಿಗದಿಯಾಗಿತ್ತು. ಅದರ ಹಿಂದಿನ ಗುರುವಾರ ಮಧ್ಯಾಹ್ನ ಆಫೀಸಿನಲ್ಲಿ ಫೋನ್ ಬಂತು. ನನಗೆ ಫೋನ್ ಎತ್ತಲು ಎಷ್ಟು ಸಂಕೋಚ ಎಂದು ನಿನಗೆ ಗೊತ್ತು. ಉಳಿದಿಬ್ಬರು ಊಟಕ್ಕೆ ಕೂತಿದ್ದರು, ಹಾಗಾಗಿ ನಾನೇ ಎತ್ತಿದೆ. ಆರ್ಮಾಸ್. ಅವರ ಧ್ವನಿ ಆಗಲೇ ಮರಳು ತುಂಬಿದ ಹಾಗಿತ್ತು. ವಾರಾಂತ್ಯದೊಳಗೆ ಇನ್ನೂ ಹೇಳಬೇಕಾದದ್ದಿದೆ, ಯಂತ್ರದಲ್ಲಿ ಜಾಗ ಇದೆಯಾ ಎಂದು ಕೇಳಿದರು. ಬೇಕಾದಷ್ಟಿದೆ ಎಂದೆ. ಸುಮ್ಮನೆ ಮಾತು ಬೆಳೆಸಲು, ದಿನಾ ಸಂಜೆ ಬಟನ್ ಒತ್ತುವುದು ಬೇಜಾರಿನ ಕೆಲಸ ಅಲ್ಲವೇ ಎಂದೆ.

“ಯಾವ ಬಟನ್ನು? ಮುಗಿಯಿತು ಅನ್ನೋದಾ? ಅದನ್ನ ಒತ್ತೇ ಇಲ್ಲ” ಎಂದರು. “ಕೊನೇ ಸಾಮಾನು ಹೋಗೋ ತನಕ ನಾನು ಯಾವತ್ತೂ ಸುತ್ತಿಗೆ ಕೆಳಗಿಟ್ಟೋನಲ್ಲ ಮಗೂ. ಧ್ವನಿ ಇನ್ನೂ ಗಂಟಲಲ್ಲೇ ಇದೆ. ಈಗ್ಲೇ ಮುಗೀತು ಅಂತ ಹೆಂಗೆ ಒತ್ತಲಿ?”

ಅವರ ಕಸುಬಿನವರಲ್ಲಿ ಅದೊಂದು ಪದ್ಧತಿಯಂತೆ. ಹರಾಜು ನಡೆಯುವಾಗ ಮಳೆ ಬಂದು ನಿಂತರೂ, ಊಟಕ್ಕೆ ಬಿಟ್ಟರೂ ‘ಮುಗಿಯಿತು’ ಎನ್ನಬಾರದು. ಅಂದುಬಿಟ್ಟರೆ ಉಳಿದ ಸಾಮಾನಿಗೆ ಗಿರಾಕಿ ಬರುವುದಿಲ್ಲ. ನಾನು ಇದನ್ನು ಅರಗಿಸಿಕೊಳ್ಳುತ್ತಿರುವಾಗಲೇ ಅವರು, “ಗುಡುಗ್ತಾ ಇದೆ, ಇಡ್ತೀನಿ. ಇವಳು ಫೋನ್ ತಂತಿ ಹಿಡ್ಕೊಂಡು ನಿಂತಿದ್ದಾಳೆ” ಎಂದರು. ಫೋನ್ ಸತ್ತಿತು.

ತುಯಿಯಾ ಊಟ ಮಾಡುತ್ತಿದ್ದಲ್ಲಿಗೆ ಹೋಗಿ ಆರ್ಮಾಸ್ ಅಂದದ್ದನ್ನು ಅಂದ ಹಾಗೇ ಹೇಳಿದೆ. ತುಯಿಯಾ ರೈ ರೊಟ್ಟಿಯ ತುಂಡನ್ನು ತಟ್ಟೆಯಲ್ಲಿ ಮೆಲ್ಲಗೆ ಇಟ್ಟರು. ಓಸ್ಸಿಯ ಮುಖ ಹಾಲಿನ ಬಣ್ಣಕ್ಕೆ ತಿರುಗಿತು. ಆ ದಿನಗಳ ಮಾತೆಲ್ಲ, ಒಂದನ್ನೂ ಬಿಡದೆ, ಮುಷ್ಟಿಯಲ್ಲೇ ಇತ್ತು. ರೈಲಿ ಪ್ಲಗ್ಗು ಕಿತ್ತರೆ ಆಯಿತು. ಮತ್ತೆ ಹೇಳಿಸೋಣ ಎಂದರೆ ಗಂಟಲು ಆಗಲೇ ಸೋತಿತ್ತು, ಮಂಗಳವಾರದ ನಂತರ ಅದೂ ಇಲ್ಲ. ತಿರುಗಿ ಫೋನ್ ಮಾಡಿದೆವು. ಮನೆಯ ಫೋನು ಮೂಕ, ಇಬ್ಬರ ಮೊಬೈಲೂ ಆಫ್. ಮಿಂಚಿದರೆ ನೀನೂ ಎಲ್ಲವನ್ನೂ ಹಾಗೇ ಆಫ್ ಮಾಡುತ್ತೀ.

ತುಯಿಯಾ ಕಾರು ಓಡಿಸಿದರು. ಓಸ್ಸಿ ಹಿಂದಿನ ಸೀಟಿನಲ್ಲಿ ಅಂಗಿಯ ದಾರ ಕಚ್ಚುತ್ತ, ತನ್ನಿಂದಲೇ ಆಯಿತು, ತುಯಿಯಾ ಮೊದಲೇ ಹೇಳಿದ್ದರು ಎಂದು ಮತ್ತೆ ಮತ್ತೆ ಅನ್ನುತ್ತಿದ್ದ. ಸ್ವಲ್ಪ ದೂರ ಕೇಳಿಸಿಕೊಂಡ ತುಯಿಯಾ, “ನಿನ್ನ ಬೈದ್ರೆ ಗುಡುಗು ನಿಲ್ಲೋದಾದ್ರೆ ಹೇಳು, ಬೈತೀನಿ. ಇಲ್ಲಾಂದ್ರೆ ಕಿಟಕಿ ಒರೆಸು, ಹಿಂದೆ ಏನೂ ಕಾಣ್ತಾ ಇಲ್ಲ” ಎಂದರು. ಅವನು ತೋಳಿನಿಂದ ಗಾಜು ಒರೆಸಿದ. ದಾರಿಯುದ್ದಕ್ಕೂ ಎಡಗಡೆ ಆಕಾಶ ಸೀಸದ ಬಣ್ಣಕ್ಕಿತ್ತು, ಬಲಗಡೆ ಬಿಸಿಲಿತ್ತು. ಕವಲು ಬಂದಾಗ ನಾವು ಸೀಸದ ಕಡೆಗೆ ತಿರುಗಿದೆವು.

ಅಂಗಳ ಮುಟ್ಟಿದಾಗ ಮಳೆ ಜೋರಾಗಿತ್ತು. ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ದೀಪವಿಲ್ಲ, ಟಿವಿ, ಫ್ರಿಜ್ಜು, ಕಾಫಿ ಯಂತ್ರ, ಎಲ್ಲದರ ತಂತಿ ನೆಲದ ಮೇಲೆ ಬಿದ್ದಿತ್ತು. ಅದನ್ನು ನೋಡಿ ಓಸ್ಸಿ ಹೊಸ್ತಿಲಿನಲ್ಲೇ ಕೂತುಬಿಟ್ಟ. ಅಷ್ಟರಲ್ಲಿ ಕೆರೆಯ ಕಡೆಯಿಂದ ರೈಲಿ ಮಳೆಕೋಟು ಹಾಕಿಕೊಂಡು ದಾಪುಗಾಲಿನಲ್ಲಿ ಬಂದರು. ನಮ್ಮನ್ನು ನೋಡಿದರೂ ನಿಲ್ಲಲಿಲ್ಲ. ನಡೆಯುತ್ತಲೇ ಗೊಣಗಿದರು: ಆ ಮನುಷ್ಯ ಸೌನಾ ಕೋಣೆಯ ಬಾಗಿಲಿಗೆ ಒಳಗಿನಿಂದ ಕೊಂಡಿ ಹಾಕಿಕೊಂಡಿದ್ದಾನೆ, ಯಂತ್ರ ಬಿಟ್ಟು ಬರುವುದಿಲ್ಲವಂತೆ, ಮಂಗಳವಾರ ಗಂಟಲು ಕೊಯ್ಯಿಸಿಕೊಳ್ಳಬೇಕಾದವನು ಇವತ್ತೇ ಸಿಡಿಲಿಗೆ ಸಾಯಲು ಕೂತಿದ್ದಾನೆ, ಪ್ಲಗ್ಗು ಕೀಳಲು ಬಿಡದಿದ್ದರೇನಂತೆ, ಮೇನ್ ಸ್ವಿಚ್ಚು ಮನೆಯಲ್ಲಿದೆಯಲ್ಲ. ಅಷ್ಟು ಹೇಳುವಷ್ಟರಲ್ಲಿ ಅವರ ಕೈ ಗೋಡೆಯ ಪೆಟ್ಟಿಗೆಯ ಮುಚ್ಚಳದ ಮೇಲಿತ್ತು.

ಅವರ ಹತ್ತಿರ ಇದ್ದವಳು ನಾನು. ಒದ್ದೆ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಯಾರನ್ನೂ ನಾನು ಹಾಗೆ ಹಿಡಿದದ್ದಿಲ್ಲ ಅಜ್ಜಿ.

“ಬೇಡಿ. ಅವರ ಧ್ವನಿ ಇನ್ನೂ ಎಲ್ಲೂ ಉಳಿದಿಲ್ಲ. ಈಗ ಕರೆಂಟ್ ಹೋದ್ರೆ ಅಷ್ಟೂ ಹೋಗುತ್ತೆ.”

ರೈಲಿ ನನ್ನ ಮುಖ ನೋಡಿದರು. ತುಯಿಯಾರ ಮುಖ ನೋಡಿದರು. ಹೊರಗೆ ಮಿಂಚಿತು, ಅವರ ಭುಜ ನಡುಗಿದ್ದು ನನ್ನ ಕೈಗೆ ತಿಳಿಯಿತು. ಆಮೇಲೆ ಅವರು ಮುಚ್ಚಳದಿಂದ ಕೈ ತೆಗೆದು, ಮಳೆಯಲ್ಲಿ ಸೌನಾದ ಕಡೆಗೆ ಹೊರಟರು. ಗುಡುಗುವಾಗ ಕಿಟಕಿಯ ಹತ್ತಿರವೂ ಸುಳಿಯದ ಹೆಂಗಸು ನೀರಿನ ದಂಡೆಗೇ ನಡೆದರು. ನಾವು ಹಿಂದೆ.

“ಆರ್ಮಾಸ್, ಕೊಂಡಿ ತೆಗಿ. ಬೈಯಲ್ಲ” ಎಂದರು ಬಾಗಿಲಿಗೆ ಬಾಯಿ ಹಚ್ಚಿ.

“ಈ ಮಾತನ್ನ ನಂಬಿ ಎಷ್ಟು ಸಲ ಮೋಸ ಹೋಗಿಲ್ಲ ನಾನು” ಎಂದಿತು ಒಳಗಿನ ಮರಳು ಧ್ವನಿ. ಆದರೂ ಕೊಂಡಿ ತೆರೆಯಿತು.

ಓಸ್ಸಿ ನೆಲಕ್ಕೆ ಮೊಣಕಾಲೂರಿ ಬಟನ್ ಒತ್ತಿದ. ಅದೊಂದು ಹಳೆಯ ಯಂತ್ರ, ಬ್ಯಾಟರಿ ಇಲ್ಲದ್ದು. ಇರುವೆ ಸಾಲಿನ ಹಾಗೆ ವಾಕ್ಯಗಳು ಒಂದೊಂದಾಗಿ ಫೈಲಿಗೆ ಇಳಿಯತೊಡಗಿದವು. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಬಲು ನಿಧಾನವಾಗಿ ಉದ್ದವಾಗುತ್ತಿತ್ತು. ಪ್ಲಗ್ಗು ಹಳೆಯ ಸಾಕೆಟ್ಟಿನಲ್ಲಿ ಸಡಿಲವಾಗಿ ಕೂತಿದ್ದನ್ನು ಕಂಡವರು ರೈಲಿ. ಗೋಡೆಗೆ ಒತ್ತಿ ಕೂತು ಅಂಗೈಯಿಂದ ಅದನ್ನು ಒಳಕ್ಕೆ ಅದುಮಿ ಹಿಡಿದರು. ಕಿಟಕಿಯಾಚೆ ಕೆರೆಯ ಮೇಲೆ ಮಿಂಚು ಹೊಡೆದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದರು, ಕೈ ತೆಗೆಯುತ್ತಿರಲಿಲ್ಲ. ಆರ್ಮಾಸ್ ಒಮ್ಮೆ, ಬಿಡು, ನಾನು ಹಿಡಿಯುತ್ತೇನೆ ಎಂದರು. ಸುಮ್ಮನೆ ಕೂರು ಎಂದರು ಇವರು. ಅವರು ಕೂತರು.

ಪಟ್ಟಿ ತುದಿ ಮುಟ್ಟಿತು. ಓಸ್ಸಿ ಹಣೆಯನ್ನು ಬೆಂಚಿಗೆ ಒತ್ತಿಕೊಂಡು ಹಾಗೇ ಇದ್ದ. ಅವನ ಬೆನ್ನು ಅಲುಗುತ್ತಿತ್ತು, ನಾವು ನೋಡದ ಹಾಗೆ ಇದ್ದೆವು. ಆಮೇಲೆ ತುಯಿಯಾ ನಮ್ಮ ಜೀವವನ್ನು ಇನ್ನೊಮ್ಮೆ ಬಾಯಿಗೆ ತಂದರು. ಈಗ ಕೀಳಿ ಎಂದರು ರೈಲಿಗೆ. ಒಮ್ಮೆ ಆಫ್ ಮಾಡಿ ನೋಡದೆ ಉಳಿದಿದೆ ಎಂದು ನಂಬಬಾರದಂತೆ. ರೈಲಿ ಗಂಡನ ಕಡೆ ನೋಡಿದರು. ಅವರು ತಲೆಯಾಡಿಸಿದ ಮೇಲೆ ಕಿತ್ತರು. ಯಂತ್ರ ಕಪ್ಪಾಯಿತು. ಮತ್ತೆ ಚುಚ್ಚಿದರು. ಅದು ಎಚ್ಚರಗೊಳ್ಳುವ ತನಕ ನಮ್ಮ ಐವರಲ್ಲಿ ಉಸಿರಾಡಿದವರು ಯಾರಾದರೂ ಇದ್ದರೋ ತಿಳಿಯದು. ಓಸ್ಸಿ ಕೈಗೆ ಸಿಕ್ಕ ವಾಕ್ಯವೊಂದನ್ನು ಮುಟ್ಟಿದ.

“ರೈಲಿ, ಈ ಕಾಫೀಲಿ ಲೋಟದ ತಳ ಕಾಣ್ತಾ ಇದೆ. ಪುಡಿ ಏನು ನಿಮ್ಮಪ್ಪನ ಮನೆಯಿಂದ ತರಬೇಕಾ?”

ಮರಳಿಲ್ಲದ, ತುಂಬಿದ, ಅಂಗಳ ದಾಟುವ ಧ್ವನಿ. ರೈಲಿ ಮೊದಲು ಸಿಟ್ಟಾದರು. ಇದನ್ನಾ ಇಷ್ಟು ದಿನ ಕೂತು ಹೇಳಿದ್ದು ಎಂದು ಕೇಳಿದರು. ಕೇಳುತ್ತಿದ್ದ ಹಾಗೇ ಬೆಂಚಿನ ಮೇಲೆ ಕುಸಿದು, ನಗಲೋ ಅಳಲೋ ಗೊತ್ತಾಗದ ಹಾಗೆ ಬಾಯಿಗೆ ಕೈ ಹಿಡಿದರು. ಇನ್ನೊಂದು ಹಾಕು ಎಂದರು ಓಸ್ಸಿಗೆ. ಅವನು ಹಾಕಿದ. ಅದೂ ಬೈಗುಳವೇ.

ಗುಡುಗು ನಮ್ಮ ತಲೆಯ ಮೇಲೆ ಬರಲೇ ಇಲ್ಲ ಅಜ್ಜಿ. ಕೆರೆಯ ಆಚೆ ದಡದಲ್ಲೇ ಸುತ್ತಾಡಿ ಪಕ್ಕದ ಊರಿಗೆ ಹೋಯಿತು. ನಾವು ಎಲ್ಲ ಪ್ಲಗ್ಗು ತಿರುಗಿ ಹಾಕಿ, ಏಲಕ್ಕಿ ಬನ್ನು ಕಾಫಿ ಮುಗಿಸಿ ಹೊರಟೆವು. ಕಾಫಿ ಆ ದಿನ ಡಾಂಬರಿನ ಹಾಗಿತ್ತು. ಆರ್ಮಾಸ್ ತುಟಿ ಪಿಟ್ಟೆನ್ನದೆ ಕುಡಿದರು.

ಮಾರನೆಯ ದಿನ ಆಫೀಸಿನಲ್ಲಿ ಜಗಳವಾಗಬಹುದು ಎಂದುಕೊಂಡು ನಾನು ಬೇಗ ಹೋಗಿ ಮೂಲೆಯಲ್ಲಿ ಕೂತಿದ್ದೆ. ಜಗಳವಾಗಲಿಲ್ಲ. ಓಸ್ಸಿ ರಾತ್ರಿ ಮಲಗಿರಲಿಲ್ಲ. ಒಬ್ಬನೇ ಹಣ್ಣು ಆರಿಸಿ ಒಬ್ಬನೇ ಸುರಿಯಬೇಕು ಎಂದು ಯಾಕೆ ಅಂದುಕೊಂಡೆವು, ಒಂದು ಕೈ ಆರಿಸುತ್ತ ಹೋಗಲಿ, ಇನ್ನೊಂದು ಕೈ ಅದರ ಹಿಂದಿನಿಂದ ಬಕೆಟ್ಟಿಗೆ ಹಾಕುತ್ತ ಬರಲಿ ಎಂದ. ಮಾತು ಮೊದಲು ಮೆಮೊರಿಗೆ. ಮಾತಾಡುವವರಿಗೆ ಅಡ್ಡಿಯಾಗದ ಹಾಗೆ, ಅದರ ಬೆನ್ನಿಗೇ ಫೈಲಿಗೆ. ಇದನ್ನು ಮೊದಲೇ ಯೋಚಿಸಬೇಕಿತ್ತು ಎಂದರು ತುಯಿಯಾ, ತಾನು ಫೈಲು ಫೈಲು ಎಂದು ಹಟ ಹಿಡಿದು ಕೂತಿದ್ದೆ ಎಂದರು. ಇಬ್ಬರೂ ಸೇರಿ ಮಾಡುತ್ತಿದ್ದಾರೆ. ‘ಮುಗಿಯಿತು’ ಬಟನ್ನನ್ನು ಕಿತ್ತೇಹಾಕಿದರು. ಧ್ವನಿ ಕಳೆದುಕೊಳ್ಳಲಿರುವವರ ಕೈಯಲ್ಲಿ ಅದನ್ನು ಒತ್ತಿಸುವುದು ಹೇಗಿದ್ದರೂ ಸರಿಯಲ್ಲ ಎಂದು ನಾನು ಹೇಳಿದೆ. ಹೌದು, ಸಭೆಯಲ್ಲಿ, ಎಲ್ಲರೆದುರಿಗೆ.

ಆಪರೇಷನ್ ಚೆನ್ನಾಗಿ ಆಯಿತು. ಗಡ್ಡೆ ಪೂರ್ತಿ ಹೊರಗೆ ಬಂದಿದೆಯಂತೆ. ಎಚ್ಚರವಾದ ಮೇಲೆ ಆರ್ಮಾಸ್ ಪರದೆ ಮುಟ್ಟಿ ಆಡಿದ ಮೊದಲ ವಾಕ್ಯ ನರ್ಸಿಗೆ, ಗಂಜಿಯ ಬಗ್ಗೆ: ಗೋಡೆಗೆ ಕಾಗದ ಅಂಟಿಸುವ, ಇದಕ್ಕಿಂತ ಒಳ್ಳೆಯ ಗೋಂದನ್ನು ನಾನು ಹರಾಜು ಹಾಕಿದ್ದೇನೆ. ಆಕೆ ಬೆಚ್ಚಿ, ಪಕ್ಕದ ಕೋಣೆಯವರನ್ನೆಲ್ಲ ಕರೆತಂದು ಕೇಳಿಸಿದಳಂತೆ. ಮೊನ್ನೆ ನಾನು ಅವರ ಮನೆಗೆ ಹೋದಾಗ ರೈಲಿ ಹೊಸ ಆಲೂಗಡ್ಡೆ ಬೇಯಿಸುತ್ತಿದ್ದರು. ಹೊರಗಿನಿಂದ ಅವರ ಹೆಸರು ಕೇಳಿಸಿತು, ದೋಣಿಯಿಂದ ಕೂಗಿದ ಹಾಗೆ. ಸ್ವಲ್ಪ ಹೊತ್ತಿಗೆ ಮತ್ತೆ, ಈ ಸಲ ನಿದ್ದೆಗಣ್ಣಿನಲ್ಲಿ ಗೊಣಗಿದ ಹಾಗೆ. ಆ ಗುರುವಾರ ಕೊಂಡಿ ಹಾಕಿಕೊಂಡು ಅವರು ಹೇಳುತ್ತಿದ್ದದ್ದು ಇದನ್ನೇ ಅಂತೆ, ಹೆಂಡತಿಯ ಹೆಸರನ್ನು, ತಾನು ಕರೆಯುವ ಎಲ್ಲ ಬಗೆಯಲ್ಲೂ. ನನ್ನ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ.

“ದಿನಕ್ಕೆ ಎಷ್ಟು ಸಲ ಕರೀತಾನೆ ಗೊತ್ತಾ? ಕೆಲಸ ಏನೂ ಇರಲ್ಲ” ಎಂದು ದೂರಿದರು ರೈಲಿ. ಆದರೂ ಪ್ರತಿ ಸಲ ಕೈ ಒರೆಸಿಕೊಂಡು ಬಾಗಿಲ ತನಕ ಹೋಗುತ್ತಿದ್ದರು.

ಇದೇ ನನ್ನ ಸುದ್ದಿ. ಆಗಸ್ಟಿನಲ್ಲಿ ರಜೆ ಹಾಕಿ ನಿನ್ನಲ್ಲಿಗೆ ಬರುತ್ತೇನೆ, ಹಣ್ಣಿನ ಕಾಲ ಮುಗಿಯುವ ಮುಂಚೆ. ನಿನ್ನ ಮೊಣಕಾಲಿಗೆ ಬಿಸಿಲು ಹಿತವಾಗಲಿ, ಮಹಡಿಯ ಗೆಳತಿಯರು ಇಸ್ಪೀಟಿನಲ್ಲಿ ಮೋಸ ಮಾಡದಿರಲಿ, ನಿನ್ನ ನಿದ್ದೆ ಮಕ್ಕಳ ನಿದ್ದೆಯಂತಿರಲಿ.

ನಿನ್ನ ಮೊಮ್ಮಗಳು,
ವಿಯೆನಾ

ಮರೆತ ಮಾತು: ಸೌನಾ ಕೋಣೆಯಲ್ಲಿ ಮೊದಲ ದಿನ ಮೈಕು ಪರೀಕ್ಷಿಸಲು ಓಸ್ಸಿ ನನ್ನಿಂದ ಒಂದು ವಾಕ್ಯ ಓದಿಸಿದ. ತಿರುಗಿ ಕೇಳಿದಾಗ ನಾನೇ ಎನಿಸಲಿಲ್ಲ, ಯಾರೋ ಬೇರೆ ಹೆಂಗಸು, ನನಗಿಂತ ದೊಡ್ಡವಳು. ಅಮ್ಮನ ಧ್ವನಿ ಹೀಗಿತ್ತಾ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಅವಳು ತೀರಿಹೋದಾಗ ನನಗೆ ಮಾತೇ ಬರುತ್ತಿರಲಿಲ್ಲ. ನೆನಪಿಲ್ಲ, ಎಲ್ಲೂ ಒಂದು ತುಣುಕು ಧ್ವನಿಯೂ ಉಳಿದಿಲ್ಲ. ಹೋಲುತ್ತದೋ ಇಲ್ಲವೋ ಎಂದು ಹೇಳಬಲ್ಲವಳು ನೀನೊಬ್ಬಳೇ. ಆದರೆ ನನಗೆ ಈ ಧ್ವನಿ ಬರುವ ಹೊತ್ತಿಗೆ ನಿನ್ನ ಕಿವಿ ಪೂರ್ತಿ ಹೋಗಿತ್ತು. ಇಷ್ಟು ವರ್ಷ ಇದನ್ನು ಕೇಳಲಿಲ್ಲ, ನಿನಗೆ ನೋವಾಗುತ್ತದೆಂದು. ಅವಳು ನಿನ್ನನ್ನು ಹೇಗೆ ಕರೆಯುತ್ತಿದ್ದಳು ಅಜ್ಜಿ? ದಪ್ಪ ಧ್ವನಿಯೋ, ತೆಳುವೋ, ನಗುತ್ತ ಕರೆಯುತ್ತಿದ್ದಳೋ? ನಿನಗೆ ತೋಚಿದ ಹಾಗೆ ಬರಿ. ನನ್ನ ಹತ್ತಿರವಿರುವ ಫೋಟೋದಲ್ಲಿ ಅವಳ ಬಾಯಿ ತೆರೆದಿದೆ, ಏನೋ ಹೇಳುತ್ತಿದ್ದಾಳೆ.